ಕ್ಯಾಮೆರಾ ಕೇಳಿ: ಕುಂಕುಮಕ್ಕೆ ಕತ್ತಲಾದ ಪರದೆ, ಹತ್ತೇ ಫೋಟೊಗೆ ಸೋತ ಸೆಲ್

ಆಷಾಢದಲ್ಲಿ ಮದುವೆಗಳಿಲ್ಲ. ನಮ್ಮ ಕಡೆಯ ಫೋಟೊಗ್ರಾಫರುಗಳ ಕ್ಯಾಮೆರಾಗಳು ಒಂದು ತಿಂಗಳು ಬೀರುವಿನಲ್ಲಿ ಮಲಗುತ್ತವೆ. ಹೊರಗೆ ಜಡಿಮಳೆ, ಒಳಗೆ ಒಣಗದ ಬಟ್ಟೆಯ ವಾಸನೆ. ಶ್ರಾವಣದ ಮೊದಲ ಮುಹೂರ್ತಕ್ಕೆ ಅವನ್ನು ಎಬ್ಬಿಸಲು ಹೋದವರಲ್ಲಿ ನಾಲ್ಕಾರು ಮಂದಿ ನೇರವಾಗಿ ಹಾಸನದ ನನ್ನ ರಿಪೇರಿ ಮೇಜಿಗೆ ಬರುತ್ತಾರೆ. ಈ ಸಲದ ಪತ್ರಗಳೂ ಅದೇ ಜಾತಿಯವು: ಒಂದೋ ಬ್ಯಾಟರಿ ಏಳುತ್ತಿಲ್ಲ, ಇಲ್ಲವೇ ಪರದೆ ಬೆಳಗುತ್ತಿಲ್ಲ. ಯಾವ ಲೆನ್ಸ್ ಕೊಳ್ಳಬೇಕೆಂದು ಕೇಳಿದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಹೊಸ ಓದುಗರಿಗೆ ಒಂದು ಮಾತು. ಇಲ್ಲಿ ಪತ್ರ ಬರೆದವರ ಊರು ಮಾತ್ರ ಹಾಕುತ್ತೇನೆ, ಹೆಸರು ಹಾಕುವುದಿಲ್ಲ. ಹಿಂದೊಮ್ಮೆ ಧಾರೆಯ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಆರಿಹೋದ ಕಥೆಯನ್ನು ಹೆಸರು ಸಮೇತ ಅಚ್ಚು ಹಾಕಿಸಿದ್ದೆ. ಆ ಹುಡುಗನಿಗೆ ಒಪ್ಪಿಸಿದ್ದ ಎರಡು ಮದುವೆಗಳು ಕೈತಪ್ಪಿದವು. ಅಂದಿನಿಂದ ಈ ನಿಯಮ.

ಪ್ರಶ್ನೆ: ದೀಪಾವಳಿಯ ನಂತರ ಕ್ಯಾಮೆರಾ ಮುಟ್ಟಿರಲಿಲ್ಲ. ಈಗ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದರೆ ಕಿತ್ತಳೆ ದೀಪ ಪಟಪಟನೆ ಮಿನುಗುತ್ತದೆ, ರಾತ್ರಿಯಿಡೀ ಬಿಟ್ಟರೂ ಹಸಿರಾಗುವುದಿಲ್ಲ. ತೋಟದ ಮನೆಯಲ್ಲಿ ಕರೆಂಟ್ ಏರುಪೇರು ಹೆಚ್ಚು. ಚಾರ್ಜರ್ ಸುಟ್ಟಿದೆಯೇ? (ಮೂಡಿಗೆರೆ)

ಉತ್ತರ: ಸುಟ್ಟ ಚಾರ್ಜರ್ ಮಿನುಗುವುದಿಲ್ಲ, ಸುಮ್ಮನಿರುತ್ತದೆ. ಹೆಚ್ಚಿನ ಚಾರ್ಜರುಗಳಲ್ಲಿ ಈ ಅವಸರದ ಮಿನುಗಿನ ಅರ್ಥ, ‘ಈ ಬ್ಯಾಟರಿ ನನಗೆ ಬೇಡ’ ಎಂದು. ಚಾರ್ಜರಿನ ಬೆನ್ನಿನ ಮೇಲಿರುವ ಸಣ್ಣ ಅಕ್ಷರ ಓದಿ ನೋಡಿ, 100ರಿಂದ 240 ವೋಲ್ಟ್ ಎಂದಿರುತ್ತದೆ. ಸಂಜೆ ಹೊತ್ತು ನಿಮ್ಮಲ್ಲಿ ವೋಲ್ಟೇಜು 170ಕ್ಕೆ ಇಳಿದರೂ ಅದಕ್ಕೆ ಏನೂ ಅನ್ನಿಸುವುದಿಲ್ಲ. ಸಿಡಿಲಿನ ಮಾತು ಬೇರೆ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ.

ಈಗ ಬ್ಯಾಟರಿಯ ವಿಷಯ. ನಿಮ್ಮದರಂಥ ಲಿಥಿಯಂ ಬ್ಯಾಟರಿಯ ಒಳಗೆ ಎರಡು ಸೆಲ್‌ಗಳು ಒಂದರ ಹಿಂದೊಂದು ಕೂತಿರುತ್ತವೆ. ತುಂಬಿದಾಗ ಒಂದೊಂದೂ 4.2 ವೋಲ್ಟ್, ಬರಿದಾದಾಗ ಹೆಚ್ಚುಕಡಿಮೆ 3. ಮೇಲೆ ಅಚ್ಚಾಗಿರುವ 7.2 ಅಥವಾ 7.4 ಎರಡರ ನಡುವಿನ ಲೆಕ್ಕ. ಕ್ಯಾಮೆರಾ ಆರಿಸಿದ್ದರೂ ಒಳಗಿನ ಗಡಿಯಾರ ಗುಟುಕು ಗುಟುಕಾಗಿ ಕುಡಿಯುತ್ತಿರುತ್ತದೆ, ಬ್ಯಾಟರಿ ತಾನಾಗಿಯೂ ಸೋರುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯೊಳಗಿನ ಕಾವಲು ಸರ್ಕಿಟ್ ಹೊರಬಾಗಿಲು ಮುಚ್ಚಿಬಿಡುತ್ತದೆ. ಆಗ ಮಲ್ಟಿಮೀಟರ್ ಹಿಡಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ನೋಡಿದವರು ಸತ್ತಿದೆ ಎನ್ನುತ್ತಾರೆ. ಕೆಲವು ನಿಜಕ್ಕೂ ಸತ್ತಿರುತ್ತವೆ, ಕೆಲವು ಒಳಗಿನಿಂದ ಚಿಲಕ ಹಾಕಿಕೊಂಡಿರುತ್ತವೆ.

ಚಿಲಕ ತೆಗೆಸುವ ಕೆಲಸವನ್ನು ಚಾರ್ಜರಿಗೇ ಬಿಡಿ. ಒಳ್ಳೆಯ ಚಾರ್ಜರ್ ಮೊದಲು ಹನಿಯಷ್ಟು ಕರೆಂಟ್ ಕೊಟ್ಟು ನೋಡುತ್ತದೆ. ವೋಲ್ಟೇಜು ಏರಿದರೆ ಪೂರಾ ಕೊಡುತ್ತದೆ, ಏರದಿದ್ದರೆ ಮಿನುಗಿ ಕೈಬಿಡುತ್ತದೆ. ಬ್ಯಾಟರಿ ಹಾಕಿ, ಅರ್ಧ ಗಂಟೆ ಬಿಟ್ಟು, ತೆಗೆದು, ಮತ್ತೆ ಹಾಕಿ. ಹೀಗೆ ಮೂರು ನಾಲ್ಕು ಸಲ, ನೀವು ಕಣ್ಣೆದುರಿಗೇ ಇದ್ದಾಗ. ಬಿಸಿಯಾದರೆ ಅಥವಾ ಹೊಟ್ಟೆ ಉಬ್ಬಿದರೆ ಅಲ್ಲಿಗೇ ನಿಲ್ಲಿಸಿ.

ಹಾಕುವ ಮೊದಲು ಕಾಂಟ್ಯಾಕ್ಟುಗಳನ್ನು ನೋಡಿ. ಅಕ್ಕಿಕಾಳಿನ ಅಗಲದ ಚಿನ್ನದ ಬಣ್ಣದ ತಗಡುಗಳು, ಮೂರೋ ನಾಲ್ಕೋ ಇರುತ್ತವೆ. ಎರಡು ಕರೆಂಟಿಗೆ. ಉಳಿದವುಗಳಲ್ಲಿ ಒಂದು ಸಾಮಾನ್ಯವಾಗಿ ಬ್ಯಾಟರಿಯ ಬಿಸಿ ಎಷ್ಟೆಂದು ಚಾರ್ಜರಿಗೆ ಹೇಳಲು. ಆ ಒಂದರ ಮೇಲೆ ಬೆರಳ ಜಿಡ್ಡು ಕೂತರೂ ಚಾರ್ಜರ್ ಬ್ಯಾಟರಿಯನ್ನು ನಂಬುವುದಿಲ್ಲ, ಇದೇ ರೀತಿ ಮಿನುಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಚಾರ್ಜರಿನ ಹಲ್ಲುಗಳನ್ನೂ ಒರೆಸಿ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಎನ್ನುವವರಿದ್ದಾರೆ. ನಾನು ಹೇಳುವುದಿಲ್ಲ. ಚಿನ್ನದ ಲೇಪ ತೆಳು, ರಬ್ಬರಿನ ಪುಡಿ ಒಳಗೆ ಉದುರುತ್ತದೆ, ಆಮೇಲೆ ಆ ಪುಡಿಯನ್ನು ತೆಗೆಯಲು ನನ್ನ ಹತ್ತಿರ ಬರುತ್ತೀರಿ.

ಇಷ್ಟಾದರೂ ಏಳದಿದ್ದರೆ ಹೊಸದನ್ನು ಕೊಳ್ಳಿ. ಎರಡು ತಂತಿ ಹಿಡಿದು ಬೇರೆ ಬ್ಯಾಟರಿಯಿಂದ ಎಬ್ಬಿಸುವ ವಿಡಿಯೊಗಳನ್ನು ನೋಡಿ ಪ್ರಯತ್ನಿಸಬೇಡಿ. ತಿಂಗಳುಗಟ್ಟಲೆ ಬರಿದಾಗಿ ಬಿದ್ದ ಲಿಥಿಯಂ ಸೆಲ್ಲಿನ ಒಳಗೆ ತಾಮ್ರ ಕರಗಿರುತ್ತದೆ. ಮತ್ತೆ ಚಾರ್ಜು ಮಾಡಿದಾಗ ಅದು ಇನ್ನೆಲ್ಲೋ ಕೂತು ಒಳಗೇ ಶಾರ್ಟ್ ಆಗುವ ಸಂಭವವಿದೆ. ಚಾರ್ಜರ್ ಬೇಡ ಎಂದಿದ್ದಕ್ಕೆ ಕಾರಣವಿತ್ತು.

ಮುಂದಿನ ಮಳೆಗಾಲಕ್ಕೆ ಹೀಗೆ ಮಾಡಿ: ಅರ್ಧ ಚಾರ್ಜು ಇರುವಾಗ ಬ್ಯಾಟರಿಯನ್ನು ಕ್ಯಾಮೆರಾದಿಂದ ತೆಗೆದು, ಅದರ ಪ್ಲಾಸ್ಟಿಕ್ ಮುಚ್ಚಳ ಹಾಕಿ ತಂಪಾದ ಕಡೆ ಇಡಿ. ಎರಡು ಮೂರು ತಿಂಗಳಿಗೊಮ್ಮೆ ಸ್ವಲ್ಪ ಚಾರ್ಜು ಮಾಡಿ. ತುಂಬಿಸಿ ಇಡುವುದೂ ಒಳ್ಳೆಯದಲ್ಲ, ಬರಿದು ಮಾಡಿ ಇಡುವುದಂತೂ ಬೇಡವೇ ಬೇಡ. ಪೂರಾ ಖಾಲಿಯಾದ ಮೇಲೆಯೇ ಚಾರ್ಜು ಮಾಡಬೇಕೆಂಬ ಮಾತು ನಿಕಲ್ ಕ್ಯಾಡ್ಮಿಯಂ ಕಾಲದ್ದು, ಅದು ಇನ್ನೂ ಊರೂರು ತಿರುಗುತ್ತಿದೆ.

ಪ್ರಶ್ನೆ: ದೇವಸ್ಥಾನದ ಮುಂದೆ ಯಾತ್ರಿಕರ ಫೋಟೊ ತೆಗೆದು ಕೊಡುವ ಕೆಲಸ ನನ್ನದು. ಕ್ಯಾಮೆರಾದ ಪರದೆ ನಿನ್ನೆಯಿಂದ ಪೂರ್ತಿ ಕಪ್ಪು. ಆದರೆ ಶಟರ್ ಸದ್ದು ಬರುತ್ತದೆ, ಫೋಟೊ ಕಾರ್ಡಿನಲ್ಲಿ ಚೆನ್ನಾಗಿಯೇ ಬೀಳುತ್ತದೆ. ಪರದೆ ಬದಲಿಸಲು ಎಷ್ಟಾಗುತ್ತದೆ, ಮೇಡಂ? (ಬೇಲೂರು)

ಉತ್ತರ: ಬೇಲೂರು ಎಂದು ನೋಡಿದ ಕೂಡಲೇ ನಗು ಬಂತು, ತಪ್ಪು ತಿಳಿಯಬೇಡಿ. ಎರಡು ವರ್ಷದ ಹಿಂದೆ ನಿಮ್ಮೂರಿನಿಂದಲೇ ಒಬ್ಬ ಹುಡುಗ ಬಸ್ಸಿನಲ್ಲಿ ಬಂದಿದ್ದ. ಇದೇ ದೂರು. ಬೇರೆ ಊರಿನ ಅಂಗಡಿಯೊಂದರಲ್ಲಿ ಪರದೆ ಹೋಗಿದೆ, ಒಂಬತ್ತು ಸಾವಿರವಾಗುತ್ತದೆ ಎಂದಿದ್ದರಂತೆ. ನಾನು ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. ಕಣ್ಣಿಡುವ ಕಿಂಡಿಯ ಮೇಲ್ಭಾಗದಲ್ಲಿ ಉದ್ದಿನ ಕಾಳಿನಷ್ಟು ಕರಿ ಗಾಜು ಇರುತ್ತದೆ. ಅದರ ಮೇಲೆ ಕೆಂಪಗೆ ಏನೋ ಮೆತ್ತಿಕೊಂಡಿತ್ತು. ತಲೆ ಎತ್ತಿ ಹುಡುಗನ ಮುಖ ನೋಡಿದೆ. ಚೆನ್ನಕೇಶವನ ಸನ್ನಿಧಿಯಲ್ಲಿ ಇಟ್ಟುಕೊಂಡ ಕುಂಕುಮ ಹಣೆಯ ಮೇಲೆ ಅರ್ಧ ಅಳಿಸಿತ್ತು.

ಆ ಕರಿ ಗಾಜು ಕಣ್ಣಿನ ಸೆನ್ಸರ್. ನೀವು ಕಿಂಡಿಗೆ ಕಣ್ಣಿಟ್ಟಾಗ ಹಿಂದಿನ ಪರದೆಯನ್ನು ಆರಿಸಿ, ಕಣ್ಣು ತೆಗೆದಾಗ ಬೆಳಗಿಸುವುದು ಅದರ ಕೆಲಸ. ಅದಕ್ಕೆ ಕಣ್ಣು ಯಾವುದು, ಕುಂಕುಮ ಯಾವುದು ಎಂದು ಗೊತ್ತಾಗುವುದಿಲ್ಲ. ಎದುರಿಗೆ ಏನೋ ಇದೆ ಎಂದಷ್ಟೇ ಗೊತ್ತು. ಹಾಗಾಗಿ ಇಡೀ ದಿನ ಪರದೆ ಆರಿಸಿಕೊಂಡು ಕೂತಿತ್ತು. ಒಂಬತ್ತು ಸಾವಿರದ ರಿಪೇರಿ ಅರ್ಧ ಉಂಡೆ ಹತ್ತಿಯಲ್ಲಿ ಮುಗಿಯಿತು. ಕೂಲಿ ತೆಗೆದುಕೊಳ್ಳಲಿಲ್ಲ ಎಂದು ಬರೆಯಲು ಆಸೆ. ಐವತ್ತು ರೂಪಾಯಿ ತೆಗೆದುಕೊಂಡೆ.

ನಿಮ್ಮದೂ ಹಾಗೆಯೇ ಎಂದು ಇಲ್ಲಿ ಕೂತು ಹೇಳಲಾರೆ. ಆದರೆ ಕಿಂಡಿಯೊಳಗೆ ಕಣ್ಣಿಟ್ಟು ನೋಡಿ. ಅದು ಪರದೆಯಿರುವ ಹೊಸ ಬಗೆಯ ಕಿಂಡಿಯಾಗಿದ್ದು, ಒಳಗೆ ಚಿತ್ರ ಚೆನ್ನಾಗಿ ಕಾಣುತ್ತಿದ್ದರೆ ಸೆನ್ಸರಿನ ಮೇಲೆಯೇ ಮೊದಲ ಅನುಮಾನ. ಕುತ್ತಿಗೆ ಪಟ್ಟಿ, ರಬ್ಬರಿನ ಕಣ್ಣುಬಟ್ಟಲು, ಮಳೆಯ ಕವರ್ ಯಾವುದಾದರೂ ಅದನ್ನು ಮುಚ್ಚಿರಬಹುದು. ಮೆನುವಿನಲ್ಲಿ ಸೆನ್ಸರನ್ನು ಬಿಟ್ಟು ಪರದೆ ಮಾತ್ರ ಎಂಬ ಆಯ್ಕೆಯೂ ಹಲವು ಕ್ಯಾಮೆರಾಗಳಲ್ಲಿದೆ. ಇನ್ನು ‘ಡಿಸ್ಪ್’ (DISP) ಎಂಬ ಗುಂಡಿ ನಾಲ್ಕು ಸಲ ಒತ್ತಿ. ಕೆಲವು ಮಾದರಿಗಳಲ್ಲಿ ಆ ಗುಂಡಿಯ ಒಂದು ಸರದಿಯೇ ಪರದೆ ಆರಿಸುವುದು. ಜೇಬಿನಲ್ಲಿ, ಚೀಲದಲ್ಲಿ ಅದು ತಾನಾಗಿ ಒತ್ತಿಹೋಗುತ್ತದೆ. ಟಿವಿಗೆ ಜೋಡಿಸುವ ಕೇಬಲ್ ಸಿಕ್ಕಿಸಿಯೇ ಬಿಟ್ಟಿದ್ದರೂ ಪರದೆ ಕತ್ತಲಾಗಬಹುದು.

ಇದ್ಯಾವುದೂ ಅಲ್ಲದಿದ್ದರೆ ರಾತ್ರಿ ದೀಪವಾರಿಸಿ, ಕ್ಯಾಮೆರಾದಲ್ಲಿ ಮೆನು ಗುಂಡಿ ಒತ್ತಿ, ಪರದೆಯ ಮೇಲೆ ಟಾರ್ಚನ್ನು ಓರೆಯಾಗಿ ಬಿಡಿ. ಎಲ್‌ಸಿಡಿ ಪರದೆಯಾಗಿದ್ದು ಮಸುಕು ಮಸುಕಾಗಿ ಅಕ್ಷರಗಳು ಕಂಡರೆ ಪರದೆ ಜೀವಂತವಾಗಿದೆ, ಅದರ ಹಿಂದಿನ ದೀಪ ಹೋಗಿದೆ. ಏನೂ ಕಾಣದಿದ್ದರೆ ಪರದೆಗೆ ಹೋಗುವ ಫ್ಲೆಕ್ಸ್ ಎಂಬ ತೆಳು ಪಟ್ಟಿಯಂಥ ತಂತಿ ಬಿಟ್ಟಿರಬಹುದು ಅಥವಾ ಪರದೆಯೇ ಹೋಗಿರಬಹುದು. ಅಲ್ಲಿಯವರೆಗೆ ದುಡ್ಡಿನ ಮಾತು ಬೇಡ. ಹೊಯ್ಸಳ ದೇಗುಲಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ನಿಮಗೆ ಕೆಲಸ ಕೈತುಂಬ ಇರಬೇಕು. ಒಂದು ದಿನವೂ ಕ್ಯಾಮೆರಾವನ್ನು ಯಾರಿಗೂ ಬಿಟ್ಟುಕೊಡುವುದು ಕಷ್ಟ ಎಂದು ಬಲ್ಲೆ. ಮೊದಲು ಹತ್ತಿ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಪಿಯುಸಿ ವಿದ್ಯಾರ್ಥಿ. ಮಾವನ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ಸಿಕ್ಕಿದೆ, ಎರಡು ಎಎ ಸೆಲ್ ಹಾಕುವಂಥದ್ದು. ಹೊಸ ಸೆಲ್ ಹಾಕಿದರೂ ಹತ್ತು ಫೋಟೊಗೆ ‘ಬ್ಯಾಟರಿ ಬದಲಿಸಿ’ ಎನ್ನುತ್ತದೆ. ಆನ್ ಮಾಡಿದಾಗಲೆಲ್ಲ ದಿನಾಂಕ ಕೇಳುತ್ತದೆ. ಕ್ಯಾಮೆರಾ ಕೆಟ್ಟಿದೆಯೇ? (ಹಾಸನ)

ಉತ್ತರ: ಯಾವ ಸೆಲ್ ಎಂದು ನೀವು ಬರೆದಿಲ್ಲ. ಬೀದಿ ಕೊನೆಯ ಅಂಗಡಿಯಲ್ಲಿ ಸಾಬೂನಿನ ಪಕ್ಕ ತೂಗುಬಿಟ್ಟ ಅಗ್ಗದ ಸೆಲ್ ಇರಬೇಕೆಂದು ನನ್ನ ಊಹೆ. ಅದು ಸತು ಮತ್ತು ಇಂಗಾಲದ್ದು, ಗೋಡೆ ಗಡಿಯಾರಕ್ಕೂ ರಿಮೋಟಿಗೂ ಆಗುತ್ತದೆ. ಕ್ಯಾಮೆರಾದ ಹಸಿವೇ ಬೇರೆ. ಲೆನ್ಸ್ ಹೊರಬರುವಾಗ, ಫ್ಲ್ಯಾಶ್ ತುಂಬಿಕೊಳ್ಳುವಾಗ ಅದು ಒಮ್ಮೆಲೇ ದೊಡ್ಡ ಗುಟುಕು ಎಳೆಯುತ್ತದೆ. ಆ ಕ್ಷಣಕ್ಕೆ ಸೆಲ್ಲಿನ ವೋಲ್ಟೇಜು ಕುಸಿಯುತ್ತದೆ, ಕ್ಯಾಮೆರಾ ‘ಮುಗಿಯಿತು’ ಎಂದು ಆರುತ್ತದೆ. ಸೆಲ್ ಮಾತ್ರ ಮುಗಿದಿರುವುದಿಲ್ಲ. ಇಂಥ ಸೋತ ಸೆಲ್‌ಗಳನ್ನು ನಾನು ಅಡುಗೆಮನೆಯ ಗಡಿಯಾರಕ್ಕೆ ಹಾಕುತ್ತೇನೆ, ತಿಂಗಳುಗಟ್ಟಲೆ ಓಡುತ್ತವೆ.

ಆಲ್ಕಲೈನ್ ಇದಕ್ಕಿಂತ ವಾಸಿ, ಆದರೆ ಅದೂ ಇಂಥ ಎಳೆತಕ್ಕೆ ಬೇಗ ಬಳಲುತ್ತದೆ. ನಿಮಗೆ ಬೇಕಾದ್ದು ಮತ್ತೆ ಮತ್ತೆ ಚಾರ್ಜು ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ಅದರ ಮೇಲೆ 1.2 ವೋಲ್ಟ್ ಎಂದಿರುತ್ತದೆ, ಮಾಮೂಲಿ ಸೆಲ್ಲಿನ ಮೇಲೆ 1.5. ಕಡಿಮೆಯದು ಹೇಗೆ ಹೆಚ್ಚು ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. 1.5 ಎಂಬುದು ಸುಮ್ಮನೆ ಕೂತಾಗಿನ ಲೆಕ್ಕ, ಭಾರ ಹೊರಿಸಿದರೆ ಜಾರುತ್ತದೆ. 1.2 ಎಂಬುದು ಭಾರ ಹೊತ್ತರೂ ಬಹಳ ಹೊತ್ತು ಜಾರದೆ ನಿಲ್ಲುತ್ತದೆ. 2005ರಿಂದ ಈಚೆಗೆ ಬಂದಿರುವ, ಇಟ್ಟಲ್ಲೇ ಸೋರದ ಬಗೆಯನ್ನು ಕೇಳಿ ತೆಗೆದುಕೊಳ್ಳಿ, 2000 ಎಂಎಎಚ್ (ಸೆಲ್ ಎಷ್ಟು ಚಾರ್ಜು ಹಿಡಿಸುತ್ತದೆ ಎಂಬ ಅಳತೆ) ಆಸುಪಾಸಿನದು ಸಾಕು. ಪೊಟ್ಟಣದ ಮೇಲೆ 4000, 5000 ಎಂದು ಬರೆದಿದ್ದರೆ ಆ ಎಎ ಸೆಲ್ ಸುಳ್ಳು ಹೇಳುತ್ತಿದೆ. ನಾಲ್ಕು ಕೊಳ್ಳಿ, ಎರಡು ಒಳಗೆ, ಎರಡು ಜೇಬಿನಲ್ಲಿ. ಹಳೆಯದು ಹೊಸದು ಬೆರೆಸಬೇಡಿ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಸೆಲ್ ಯಾವ ಬಗೆಯದೆಂದು ಹೇಳುವ ಸಾಲಿದೆ. ಅಲ್ಲಿ ತಪ್ಪು ಹೇಳಿದರೆ ತುಂಬಿದ ಸೆಲ್ಲಿಗೂ ಕೆಂಪು ಗುರುತು ಬರುತ್ತದೆ.

ದಿನಾಂಕ ಮರೆಯುವುದಕ್ಕೆ ಕಾರಣ ಬೇರೆ. ಒಳಗೆ ಗಡಿಯಾರಕ್ಕೆಂದೇ ಒಂದು ಪುಟ್ಟ ಸೆಲ್ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಸಿಆರ್ 1220 ಎಂಬ ಗುಂಡಿ ಸೆಲ್, ಸೆಲ್ ಕೋಣೆಯ ಪಕ್ಕ ಪುಟ್ಟ ಡ್ರಾಯರಿನಲ್ಲಿ ಕೂತಿರುತ್ತದೆ, ಉಗುರಿನಲ್ಲೇ ಎಳೆದು ತೆಗೆಯಬಹುದು. ಉಳಿದವುಗಳಲ್ಲಿ ಅದು ಬೋರ್ಡಿನ ಮೇಲೆ ಬೆಸುಗೆಯಾಗಿದ್ದು ದೊಡ್ಡ ಸೆಲ್ಲಿನಿಂದಲೇ ತುಂಬಿಕೊಳ್ಳುತ್ತದೆ. ತುಂಬಿದ ಸೆಲ್ ಹಾಕಿ ಒಂದೆರಡು ದಿನ ತೆಗೆಯದೆ ಬಿಟ್ಟು ನೋಡಿ.

ಮಾವನ ಕ್ಯಾಮೆರಾ ಎಂದಿರಿ, ಸೆಲ್ ಕೋಣೆಯ ಸ್ಪ್ರಿಂಗಿನ ಬುಡವನ್ನು ಟಾರ್ಚ್ ಹಾಕಿ ನೋಡಿ. ಬಿಳಿಯೋ ಹಸಿರೋ ಪುಡಿ ಕಂಡರೆ ಹಳೆಯ ಆಲ್ಕಲೈನ್ ಸೆಲ್ ಸೋರಿದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ, ಬರಿಗೈಯಲ್ಲಿ ಮುಟ್ಟಿ ಕಣ್ಣುಜ್ಜಿಕೊಳ್ಳಬೇಡಿ. ಕ್ಷಾರಕ್ಕೆ ಹುಳಿ ಮದ್ದು: ಕಿವಿಕಡ್ಡಿಯ ತುದಿಗೆ ಒಂದೇ ತೊಟ್ಟು ನಿಂಬೆರಸ ಅಥವಾ ವಿನಿಗರ್, ಪುಡಿ ನೊರೆಯೆದ್ದು ಕರಗುತ್ತದೆ, ಆಮೇಲೆ ಇನ್ನೊಂದು ಕಡ್ಡಿಯಲ್ಲಿ ಆಲ್ಕೊಹಾಲ್. ಒಂದು ದಿನ ಬಾಗಿಲು ತೆರೆದಿಟ್ಟು ಒಣಗಿಸಿ. ನಿಂಬೆರಸ ಹಿಂಡಬೇಡಿ ಎಂದು ಒತ್ತಿ ಹೇಳುತ್ತಿದ್ದೇನೆ, ಚಿತ್ರಾನ್ನ ಮಾಡುತ್ತಿಲ್ಲ.

ಇನ್ನೊಂದು ವಿಷಯ, ಹಳೆಯ ಪುಟ್ಟ ಕ್ಯಾಮೆರಾಗಳು ಈಗ ನಿಮ್ಮ ವಯಸ್ಸಿನವರಲ್ಲಿ ಮತ್ತೆ ಚಲಾವಣೆಗೆ ಬಂದಿರುವುದರಿಂದ. ಮುಂದೆಂದಾದರೂ ಪರದೆಯ ಮೇಲೆ ನೇರಳೆ ಗೆರೆಗಳು ಬಂದರೆ, ತೆಗೆದ ಫೋಟೊವನ್ನು ಕಂಪ್ಯೂಟರಿನಲ್ಲಿ ನೋಡಿ. ಅಲ್ಲಿಯೂ ಗೆರೆ ಇದ್ದರೆ ದೋಷ ಪರದೆಯದಲ್ಲ, ಒಳಗೆ ಚಿತ್ರ ಹಿಡಿಯುವ ಸೆನ್ಸರಿನದು. ಆ ಕಾಲದ ಹಲವು ಕಂಪನಿಗಳ ಕ್ಯಾಮೆರಾಗಳಲ್ಲಿ ಒಂದೇ ಕಡೆ ತಯಾರಾದ ಸಿಸಿಡಿ ಎಂಬ ಬಗೆಯ ಸೆನ್ಸರ್ ಇತ್ತು. ಬಿಸಿ ಮತ್ತು ತೇವ ಹೆಚ್ಚಿದ ಕಡೆ ಅದರೊಳಗಿನ ಜೋಡಣೆ ಬಿಟ್ಟುಹೋಗುತ್ತದೆ ಎಂದು 2005ರಲ್ಲಿ ಆ ಕಂಪನಿಗಳೇ ಒಂದರ ಹಿಂದೊಂದು ಒಪ್ಪಿಕೊಂಡು ಬಿಟ್ಟಿ ರಿಪೇರಿ ಮಾಡಿಕೊಟ್ಟವು. ಇಪ್ಪತ್ತು ವರ್ಷದ ಮೇಲೆ ಅದನ್ನು ಕೇಳಿಕೊಂಡು ಹೋಗಬೇಡಿ.

ಪ್ರಶ್ನೆ: ಮುಳ್ಳಯ್ಯನಗಿರಿಯಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಯಲು ಹೋಗಿದ್ದೆ. ಬೆಳಿಗ್ಗೆ ಆರಕ್ಕೆ ಬ್ಯಾಟರಿ 60 ತೋರಿಸುತ್ತಿತ್ತು, ಇಪ್ಪತ್ತು ನಿಮಿಷದಲ್ಲಿ ಆರಿಹೋಯಿತು. ಕೆಳಗೆ ಕಾರಿನಲ್ಲಿ ಕೂತು ಆನ್ ಮಾಡಿದರೆ 40 ಎನ್ನುತ್ತದೆ! ಇದು ಚಳಿಯ ಕಾಟವೇ? (ಚಿಕ್ಕಮಗಳೂರು)

ಉತ್ತರ: ಅರ್ಧ ಚಳಿಯದು, ಅರ್ಧ ಬ್ಯಾಟರಿಯ ಮುಪ್ಪಿನದು. ತಣ್ಣಗಾದರೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಒಳಗಿನ ತಡೆ ಹೆಚ್ಚುತ್ತದೆ. ಕ್ಯಾಮೆರಾ ಜಗ್ಗಿದಾಗ ವೋಲ್ಟೇಜು ಕುಸಿದು ಆರುತ್ತದೆ. ಬೆಚ್ಚಗಾದರೆ ಮತ್ತೆ ಏಳುತ್ತದೆ. ಕಾರಿನೊಳಗೆ ನೀವು ಕಂಡದ್ದು ಇದನ್ನೇ. ಆದರೆ 1,930 ಮೀಟರ್ ಎತ್ತರವಿದ್ದರೂ ಮುಳ್ಳಯ್ಯನಗಿರಿ ಲಡಾಖ್ ಅಲ್ಲ. ಆ ಗಾಳಿಗೆ ಅರುವತ್ತರಿಂದ ಸೊನ್ನೆಗೆ ಬೀಳುವ ಬ್ಯಾಟರಿ ಮೊದಲೇ ಸೋತಿದೆ. ಮೆನುವಿನಲ್ಲಿ ಬ್ಯಾಟರಿ ಮಾಹಿತಿ ಎಂಬ ಪುಟವಿದ್ದರೆ ಅದರ ಆರೋಗ್ಯವನ್ನು ಮೂರು ಚೌಕಗಳಲ್ಲೋ ಅಂಕಿಯಲ್ಲೋ ತೋರಿಸುತ್ತದೆ. ಒಂದೇ ಚೌಕ ಉಳಿದಿದ್ದರೆ ಅದಕ್ಕೆ ನಿವೃತ್ತಿ ಕೊಡಿ. ಬೇರೆಯವರು ಮಾಡಿದ ಅಗ್ಗದ ಬ್ಯಾಟರಿಯಾಗಿದ್ದರೆ ಆ 60 ಎಂಬ ಅಂಕಿಯನ್ನೇ ನಂಬಬೇಡಿ, ಉಳಿಕೆಯ ಲೆಕ್ಕವನ್ನು ಕ್ಯಾಮೆರಾಕ್ಕೆ ಸರಿಯಾಗಿ ಹೇಳುವ ಚಿಪ್ ಅದರಲ್ಲಿ ಇರದೆ ಇರಬಹುದು.

ಎರಡನೇ ಬ್ಯಾಟರಿಯನ್ನು ಕ್ಯಾಮೆರಾ ಚೀಲದಲ್ಲಲ್ಲ, ಸ್ವೆಟರ್ ಒಳಗಿನ ಜೇಬಿನಲ್ಲಿ ಇಟ್ಟುಕೊಳ್ಳಿ. ಬೀಗದ ಕೈ, ಚಿಲ್ಲರೆ ಇರುವ ಜೇಬು ಬೇಡ, ಶಾರ್ಟ್ ಆಗುತ್ತದೆ. ಒಳಗೆ ಕನ್ನಡಿಯಿರುವ ಕ್ಯಾಮೆರಾ ಬಿಟ್ಟು ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ ಬಂದವರು ಬ್ಯಾಟರಿ ಬೇಗ ಮುಗಿಯುತ್ತದೆಂದು ಗೊಣಗುತ್ತಾರೆ. ನೀವು ಫೋಟೊ ತೆಗೆಯದೆ ವಧುವಿನ ಸೆರಗು ಸರಿಮಾಡಿಸುತ್ತ ನಿಂತಾಗಲೂ ಅದರ ಸೆನ್ಸರ್ ಮತ್ತು ಪರದೆ ದುಡಿಯುತ್ತಲೇ ಇರುತ್ತವೆ. ಒಂದು ನಿಮಿಷಕ್ಕೆ ತಾನಾಗಿ ಮಲಗುವಂತೆ ಹೊಂದಿಸಿ, ವೈಫೈ, ಬ್ಲೂಟೂತ್ ಆರಿಸಿ. ಪೆಟ್ಟಿಗೆಯ ಮೇಲೆ ‘ಇಷ್ಟು ಫೋಟೊ’ ಎಂದು ಬರೆದಿರುವುದು ಸಿಪಾ ಎಂಬ ಜಪಾನಿ ಸಂಘದ ಪರೀಕ್ಷೆಯಿಂದ ಬಂದ ಅಂಕಿ. ಆ ಪರೀಕ್ಷೆ ನಡೆಯುವುದು 23 ಡಿಗ್ರಿಯ ಕೋಣೆಯಲ್ಲಿ, ಗಿರಿಯ ಗಾಳಿಯಲ್ಲಿ ಅಲ್ಲ.

ಪ್ರಶ್ನೆ: ಬಿಸಿಲೆ ಘಾಟಿನಲ್ಲಿ ಮಳೆಗೆ ಸಿಕ್ಕಿ ಕ್ಯಾಮೆರಾ ಪರದೆಯ ಒಳಗೆ ಆವಿ ಕಟ್ಟಿದೆ. ಎರಡು ದಿನದಿಂದ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ, ಹೋಗಿಲ್ಲ. ಇನ್ನೆಷ್ಟು ದಿನ ಇಡಬೇಕು? (ಸಕಲೇಶಪುರ)

ಉತ್ತರ: ಈಗಲೇ ಹೊರಗೆ ತೆಗೆಯಿರಿ. ಹೋದ ವರ್ಷ ಹೀಗೆ ಅಕ್ಕಿಯಿಂದ ಎದ್ದು ಬಂದ ಕ್ಯಾಮೆರಾವೊಂದನ್ನು ಬಿಚ್ಚಿದಾಗ, ಬ್ಯಾಟರಿ ಕೋಣೆಯಿಂದ ಎರಡು ಅಕ್ಕಿಹುಳ ಹೊರನಡೆದು ನನ್ನ ಮೇಜಿನ ಮೇಲೆ ವಿಹಾರ ಹೊರಟವು. ಒಂದು ಜೀವಂತ ಕ್ಯಾಮೆರಾದಿಂದ ಜೀವಂತ ಪ್ರಾಣಿ ಬಂದದ್ದು ಅದೇ ಮೊದಲು. ಹುಳವಾದರೂ ಹೋಗಲಿ, ಅಕ್ಕಿಯ ನುಣುಪು ಹಿಟ್ಟು ಎಲ್ಲ ಸಂದಿಗೂ ಇಳಿದು, ತೇವದ ಜೊತೆ ಸೇರಿ ಗಂಜಿಯಾಗಿತ್ತು. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಅಕ್ಕಿಯೇ ತೇವ ಕುಡಿದು ಕೂತಿರುತ್ತದೆ, ಅದು ಇನ್ನೊಬ್ಬರ ತೇವ ಎಲ್ಲಿ ಹೀರುತ್ತದೆ?

ಬ್ಯಾಟರಿ ಮತ್ತು ಕಾರ್ಡ್ ತೆಗೆಯಿರಿ. ಎರಡು ದಿನದಲ್ಲಿ ಒಮ್ಮೆಯೂ ‘ಆನ್ ಆಗುತ್ತದೆಯೋ ನೋಡೋಣ’ ಎಂದು ಒತ್ತಿರಲಿಲ್ಲ ಎಂದು ಆಶಿಸುತ್ತೇನೆ. ನೀರು ಕೆಡಿಸುವುದಕ್ಕಿಂತ ನೀರಿರುವಾಗ ಹರಿಸಿದ ಕರೆಂಟ್ ಹೆಚ್ಚು ಕೆಡಿಸುತ್ತದೆ. ಬ್ಯಾಟರಿ, ಕಾರ್ಡುಗಳ ಸಣ್ಣ ಬಾಗಿಲುಗಳನ್ನೆಲ್ಲ ತೆರೆದು, ಲೆನ್ಸ್ ಬಿಚ್ಚುವಂಥದ್ದಾದರೆ ಬಿಚ್ಚಿ ಎರಡಕ್ಕೂ ಮುಚ್ಚಳ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಕೈತುಂಬ ಸಿಲಿಕಾ ಜೆಲ್ ಜೊತೆ ಇಡಿ. ಶೂ ಪೆಟ್ಟಿಗೆಯ ಒಂದು ಪೊಟ್ಟಣ ಯಾವ ಮೂಲೆಗೂ ಸಾಲದು. ಬಣ್ಣ ಬದಲಿಸುವ ಬಗೆಯನ್ನು ಬಿಡಿಯಾಗಿ ಕೊಳ್ಳಿ. ಕಿತ್ತಳೆ ಬಣ್ಣದ್ದು ತೇವ ಕುಡಿದಾಗ ಹಸಿರಿಗೆ ತಿರುಗುತ್ತದೆ. ಆಗ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಅಡುಗೆಗೆ ಬಳಸದ ಬಾಣಲೆ ಇರಲಿ. ನೀಲಿ ಬಗೆ ಬೇಡ, ಅದಕ್ಕೆ ಬಣ್ಣ ಕೊಡುವುದು ಕೋಬಾಲ್ಟ್ ಕ್ಲೋರೈಡ್, ಅದು ವಿಷ. ಕೂದಲು ಒಣಗಿಸುವ ಯಂತ್ರ ಹಿಡಿದರೆ ಅಂಟು ಸಡಿಲವಾಗಿ ಆವಿ ಇನ್ನೂ ಒಳಕ್ಕೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡುವವರೂ ಇದ್ದಾರೆ. ಕ್ಯಾಮೆರಾ ಒಣಗುತ್ತದೆ, ಲೆನ್ಸಿನೊಳಗೆ ಹೊಗೆಯ ಜಿಡ್ಡು ಕೂರುತ್ತದೆ.

ನಾಲ್ಕು ದಿನ ಬಿಟ್ಟೂ ಆವಿ ಉಳಿದರೆ ಬಿಚ್ಚಲೇಬೇಕು. ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಪರದೆಯ ಅಂಚಿನಿಂದ ಶುರುವಾಗಿ ಲೆನ್ಸಿನ ಗಾಜಿಗೆ ಜೇಡರ ಬಲೆಯಂತೆ ಹರಡುತ್ತದೆ. ಮುಂದೆ ಕ್ಯಾಮೆರಾ ಇಡುವ ಡಬ್ಬಿಯಲ್ಲಿ ಒಂದು ಸಣ್ಣ ತೇವಮಾಪಕ ಹಾಕಿ, ಮುಳ್ಳು 40ರಿಂದ 50ರ ನಡುವೆ ಇರಲಿ. ಎ.ಸಿ. ಕಾರಿನಿಂದ ಇಳಿದ ಕೂಡಲೇ ಪರದೆ, ಲೆನ್ಸ್ ಮಂಜಾಗುವುದು ಬೇರೆ, ಅದು ಹೊರಗಿನ ಆವಿ. ಕ್ಯಾಮೆರಾವನ್ನು ಚೀಲದೊಳಗೇ ಅರ್ಧ ಮುಕ್ಕಾಲು ಗಂಟೆ ಬಿಟ್ಟು ಆಮೇಲೆ ಹೊರತೆಗೆಯಿರಿ.

ಪ್ರಶ್ನೆ: ತಿರುಗಿಸುವ ಪರದೆಯನ್ನು ಅರ್ಧ ತೆರೆದಾಗ ಚಿತ್ರ ಸರಿ, ಪೂರ್ತಿ ತೆರೆದರೆ ಬಿಳಿ. (ಅರಸೀಕೆರೆ)

ಉತ್ತರ: ಕೀಲಿನ ಒಳಗೆ ಸುತ್ತಿಕೊಂಡು ಹೋಗುವ ಫ್ಲೆಕ್ಸ್ ಸೀಳಿದೆ. ಪರದೆಗೆ ಏನೂ ಆಗಿಲ್ಲ. ಪರದೆ ಬದಲಿಸಬೇಕು ಎಂದರೆ ಒಪ್ಪಬೇಡಿ, ಫ್ಲೆಕ್ಸ್ ಮಾತ್ರ ಸಾಕು. ಸಿಗುವವರೆಗೆ ಅರ್ಧ ತೆರೆದೇ ಕೆಲಸ ಮಾಡಿ, ಮತ್ತೆ ಮತ್ತೆ ತಿರುಗಿಸಿ ಪರೀಕ್ಷಿಸಬೇಡಿ.

ಪ್ರಶ್ನೆ: ವಿಂಧ್ಯಗಿರಿ ಹತ್ತಿ ನಿಂತರೆ ಬಿಸಿಲಿಗೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಫೋಟೊ ಮನೆಯಲ್ಲಿ ನೋಡುವಾಗ ಕಪ್ಪಾಗಿರುತ್ತದೆ. (ಶ್ರವಣಬೆಳಗೊಳ)

ಉತ್ತರ: ಬೆಳಗಿದ್ದು ಪರದೆ, ಫೋಟೊ ಅಲ್ಲ. ನೀವು ಪರದೆಯನ್ನು ನಂಬಿ ಬೆಳಕು ಕಡಿಮೆ ಮಾಡಿದಿರಿ. 600ಕ್ಕೂ ಹೆಚ್ಚು ಮೆಟ್ಟಿಲು ಬರಿಗಾಲಿನಲ್ಲಿ ಹತ್ತಿ, ಕಾದ ಬಂಡೆಯ ಮೇಲೆ ನಿಂತು ಯಾರಿಗೂ ಸರಿಯಾಗಿ ಕಾಣುವುದಿಲ್ಲ ಬಿಡಿ. ಹಿಸ್ಟೊಗ್ರಾಮ್ ಎಂಬ ಗುಡ್ಡದ ಚಿತ್ರವನ್ನು ತೋರಿಸಲು ಹೇಳಿ, ಗುಡ್ಡ ಪೂರಾ ಎಡಕ್ಕೆ ಒತ್ತಿಕೊಂಡಿದ್ದರೆ ಫೋಟೊ ಕಪ್ಪು. ಅದಕ್ಕೆ ಬಿಸಿಲಿನ ಹಂಗಿಲ್ಲ. ಛತ್ರಿಯೂ ಒಯ್ಯಿರಿ.

ಪ್ರಶ್ನೆ: ಬ್ಯಾಟರಿ ಉಬ್ಬಿ ಕ್ಯಾಮೆರಾದೊಳಗೆ ಸಿಕ್ಕಿಕೊಂಡಿದೆ. ಸ್ಕ್ರೂಡ್ರೈವರಿನಿಂದ ಎಬ್ಬಿ ತೆಗೆಯಬಹುದೇ? (ಕಡೂರು)

ಉತ್ತರ: ಬೇಡ, ಬೇಡ. ಹೊದಿಕೆ ಒಮ್ಮೆ ಸೀಳಿದರೆ ಬೆಂಕಿ ಹತ್ತುತ್ತದೆ, ಆ ಬೆಂಕಿಯನ್ನು ಒದ್ದೆ ಗೋಣಿಯಿಂದ ಆರಿಸುತ್ತೇನೆ ಎಂದುಕೊಳ್ಳಬೇಡಿ. ಕ್ಯಾಮೆರಾ ಆರಿಸಿ, ಬಾಗಿಲು ಕೆಳಮುಖವಾಗಿ ಹಿಡಿದು, ಮಡಿಸಿದ ಟವೆಲ್ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಬ್ಯಾಟರಿಯ ಬೆನ್ನಿಗೆ ಅಂಟುಪಟ್ಟಿ ಹಚ್ಚಿ ಎಳೆದರೂ ಬರುತ್ತದೆ. ಬರದಿದ್ದರೆ ಹಾಗೆಯೇ ರಿಪೇರಿಯವರ ಬಳಿಗೆ ಒಯ್ಯಿರಿ. ಹೊರಬಂದ ಬ್ಯಾಟರಿಯ ತಗಡುಗಳ ಮೇಲೆ ಟೇಪು ಅಂಟಿಸಿ, ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ ಇ-ತ್ಯಾಜ್ಯಕ್ಕೆ ತೆಗೆದುಕೊಳ್ಳುತ್ತಾರೆಯೇ ಕೇಳಿ. ಕಸದ ಗಾಡಿಗೂ ಬಚ್ಚಲೊಲೆಗೂ ಹಾಕಬೇಡಿ. ಬಚ್ಚಲೊಲೆಗೆ ಹಾಕಿದವರನ್ನು ನಾನು ಬಲ್ಲೆ, ಹಂಡೆ ಮಾತ್ರ ಉಳಿಯಿತು.

ಪ್ರಶ್ನೆ: ಪರದೆಯ ಮೇಲೆ ಶಾಯಿ ಚೆಲ್ಲಿದಂತೆ ಕಪ್ಪು ಮಚ್ಚೆ, ದಿನೇ ದಿನೇ ಹರಡುತ್ತಿದೆ. (ಹೊಳೆನರಸೀಪುರ)

ಉತ್ತರ: ಒತ್ತಡಕ್ಕೆ ಒಳಗಿನ ಗಾಜು ಬಿರಿದಿದೆ. ಪರದೆ ಬದಲಿಸಬೇಕು, ಬೇರೆ ದಾರಿಯಿಲ್ಲ.

ಪ್ರಶ್ನೆ: ನಾನು ಐಟಿಐ ಎಲೆಕ್ಟ್ರಾನಿಕ್ಸ್ ಓದಿದ್ದೇನೆ. ಸತ್ತ ಪುಟ್ಟ ಕ್ಯಾಮೆರಾವೊಂದನ್ನು ಮನೆಯಲ್ಲೇ ಬಿಚ್ಚಿ ಪರದೆ ಬದಲಿಸಿ ಕಲಿಯಬಹುದೇ? (ಆಲೂರು)

ಉತ್ತರ: ಕಲಿಯಿರಿ, ನಾನೂ ಹಾಗೆಯೇ ಕಲಿತದ್ದು. ಅಪ್ಪನ ಸ್ಟುಡಿಯೊದಲ್ಲಿ ನೆಗೆಟಿವ್ ತಿದ್ದುತ್ತಿದ್ದವಳು ನಾನು, ಡಿಜಿಟಲ್ ಬಂದು ಆ ಕೆಲಸ ಹೋದಾಗ ಸ್ಕ್ರೂಡ್ರೈವರ್ ಹಿಡಿದೆ. ಮೊದಲ ತಿಂಗಳಲ್ಲೇ ಒಂದು ಏಟು ತಿಂದೆ. ಬ್ಯಾಟರಿ ತೆಗೆದಿದ್ದೇನೆ, ಇನ್ನೇನು ಭಯ ಎಂದು ಫ್ಲ್ಯಾಶ್ ಪಕ್ಕಕ್ಕೆ ಬೆರಳಿಟ್ಟೆ. ಅಲ್ಲಿ ಫ್ಲ್ಯಾಶಿಗೆಂದು ಕರೆಂಟ್ ಕೂಡಿಟ್ಟುಕೊಳ್ಳುವ, ಕಿರುಬೆರಳಿನ ಗಾತ್ರದ ಕೆಪಾಸಿಟರ್ ಇದೆ, ತುಂಬಿದಾಗ ಸುಮಾರು 300 ವೋಲ್ಟ್. ಬ್ಯಾಟರಿ ತೆಗೆದ ಮೇಲೂ ಬಹಳ ಹೊತ್ತು ಅದು ಹಾಗೇ ಕಾದು ಕೂತಿರುತ್ತದೆ. ಕೈ ಹಾರಿ ಹಿಂದಿನ ಕಪಾಟಿಗೆ ಬಡಿಯಿತು, ಮೊಣಕೈ ಒಂದು ವಾರ ಮಡಚಲಾಗಲಿಲ್ಲ. ನೀವು ಓದಿದವರು, ರೆಸಿಸ್ಟರ್ ಹಿಡಿದು ಮೆಲ್ಲಗೆ ಇಳಿಸಿ, ಮಲ್ಟಿಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಸ್ಕ್ರೂಡ್ರೈವರ್ ತುದಿಯಿಂದ ಕಿಡಿ ಹಾರಿಸಿ ಇಳಿಸುವ ಶೌರ್ಯ ಬೇಡ, ಬೋರ್ಡು ಹೋಗುತ್ತದೆ.

ಉಳಿದದ್ದು ತಾಳ್ಮೆಯ ಕೆಲಸ. ಫ್ಲೆಕ್ಸ್ ಎಳೆಯುವ ಮೊದಲು ಅದರ ಕರಿ ಪಟ್ಟಿಯ ಚಿಲಕವನ್ನು ಉಗುರಿನಿಂದ ಎತ್ತಿ, ಇಲ್ಲದಿದ್ದರೆ ಹಲ್ಲು ಮುರಿಯುತ್ತದೆ. ಸ್ಕ್ರೂಗಳು ನೋಡಲು ಒಂದೇ ಥರ, ಉದ್ದ ಬೇರೆ ಬೇರೆ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ತುದಿ ಹೊಸ ಪರದೆಯ ಬೆನ್ನಿಗೇ ನಾಟುತ್ತದೆ. ನಾನು ಇಡ್ಲಿ ತಟ್ಟೆ ಇಟ್ಟುಕೊಂಡಿದ್ದೇನೆ. ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಣಿಗೆ ಒಂದೊಂದು ಭಾಗದ ಸ್ಕ್ರೂಗಳು, ಜೋಡಿಸುವಾಗ ಕೊನೆಯ ಗುಣಿಯಿಂದ ಹಿಂದಕ್ಕೆ. ಈಗ ಮೂರು ತಟ್ಟೆಗಳು ನನ್ನ ಮೇಜಿನ ಮೇಲಿವೆ. ನಮ್ಮ ಅತ್ತೆಯವರು ಭಾನುವಾರ ದೋಸೆ ಹುಯ್ಯುತ್ತಾರೆ.